ಐಸೆನ್‌ಸ್ಟೈನ್‌ಗಿಂತ ಮೊದಲೂ ರಷ್ಯಾದಲ್ಲಿ ಸಿನಿಮಾ ಇತ್ತು

ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಕೂತವರಿಗೆಲ್ಲ ಗೊತ್ತಿರುವ ಒಂದು ಪ್ರಯೋಗವಿದೆ. ಪರದೆಯ ಮೇಲೆ ಒಬ್ಬ ನಟನ ಮುಖ. ಅದಾದ ಮೇಲೆ ಸೂಪಿನ ತಟ್ಟೆ ತೋರಿಸಿದರೆ ಅವನು ಹಸಿದಿದ್ದಾನೆ ಅನ್ನಿಸುತ್ತದೆ. ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸನ್ನು ತೋರಿಸಿದರೆ ದುಃಖದಲ್ಲಿದ್ದಾನೆ ಅನ್ನಿಸುತ್ತದೆ. ಆಟವಾಡುವ ಮಗುವನ್ನು ತೋರಿಸಿದರೆ ಅದೇ ಮುಖದಲ್ಲಿ ವಾತ್ಸಲ್ಯ ಕಾಣುತ್ತದೆ. ಮೂರೂ ಸಲ ಮುಖ ಒಂದೇ, ತುಣುಕು ಒಂದೇ. ಸಿನಿಮಾದಲ್ಲಿ ಅರ್ಥ ಹುಟ್ಟುವುದು ಸಂಕಲನದಿಂದ ಎಂದು ಪಾಠ ಮಾಡುವವರು ಹೇಳುತ್ತಾರೆ, ನಾವು ಲೆವ್ ಕುಲೆಶೊವ್ ಎಂಬ ಹೆಸರನ್ನು ಬರೆದುಕೊಳ್ಳುತ್ತೇವೆ, ಪಾಠ ಅಲ್ಲಿಂದ ಐಸೆನ್‌ಸ್ಟೈನ್‌ಗೆ, 'ಬ್ಯಾಟಲ್‌ಶಿಪ್ ಪೊಟೆಮ್ಕಿನ್'ನ ಒಡೆಸ್ಸಾ ಮೆಟ್ಟಿಲುಗಳಿಗೆ ಹೋಗುತ್ತದೆ. ಆ ಮುಖ ಯಾರದು ಎಂದು ಕೇಳುವವರು ಕಡಿಮೆ.

ಅದು ಇವಾನ್ ಮೊಜೂಖಿನ್‌ನ ಮುಖ. ಕ್ರಾಂತಿಗೆ ಮುಂಚಿನ ರಷ್ಯಾದ ಸಿನಿಮಾದಲ್ಲಿ ಅವನಷ್ಟು ಹೆಸರಾದ ನಟರು ಬಹಳ ಮಂದಿ ಇರಲಿಲ್ಲ. ಕಣ್ಣಿನಲ್ಲೇ ನಟಿಸುತ್ತಾನೆ ಎಂಬುದು ಅವನ ಖ್ಯಾತಿ. ಪುಷ್ಕಿನ್‌ನ ಕಥೆಯಿಂದ ಬಂದ 'ಇಸ್ಪೀಟ್ ರಾಣಿ'ಯಲ್ಲಿ (1916) ಜೂಜಿನ ಗುಟ್ಟಿನ ಬೆನ್ನು ಹತ್ತಿ ಹುಚ್ಚನಾಗುವ ಹರ್ಮನ್ ಅವನೇ. ಟಾಲ್‌ಸ್ಟಾಯ್‌ನ ಕಥೆಯ 'ಫಾದರ್ ಸೆರ್ಗಿಯಸ್'ನಲ್ಲಿ ಗರ್ವದ ಯುವ ಅಧಿಕಾರಿಯಿಂದ ಹಿಡಿದು ಮುಪ್ಪಿನ ಅಲೆಮಾರಿಯವರೆಗೆ ಒಂದು ಇಡೀ ಆಯುಷ್ಯವನ್ನು ತೋರಿಸಿದವನೂ ಅವನೇ. ಕುಲೆಶೊವ್ ತನ್ನ ಪ್ರಯೋಗಕ್ಕೆ ಎತ್ತಿಕೊಂಡದ್ದು ಇಂಥ ನಟನ ಹಳೆಯ ಚಿತ್ರವೊಂದರ ತುಣುಕನ್ನು. ಒಬ್ಬ ಕಲಾವಿದನ ಬದುಕಿನ ಸಾಧನೆ ಪಠ್ಯದಲ್ಲಿ 'ಭಾವವಿಲ್ಲದ ಮುಖ' ಎಂದು ಉಳಿಯಿತು. 1917ಕ್ಕಿಂತ ಹಿಂದಿನ ಇಡೀ ರಷ್ಯನ್ ಸಿನಿಮಾಕ್ಕೆ ಆದದ್ದೂ ಇದೇ ಎಂದು ನನಗೆ ಅನ್ನಿಸುತ್ತದೆ. ಹೊಸ ಸಿನಿಮಾಕ್ಕೆ ಅದು ಕಚ್ಚಾ ಸಾಮಗ್ರಿಯಾಯಿತು, ಅದರ ಹಿಂದೆ ಒಂದು ಸ್ವಂತ ಕಲೆ ಇತ್ತೆಂಬುದು ಮರೆತೇಹೋಯಿತು.

ಕುಲೆಶೊವ್ ಕೂಡ ಎಲ್ಲಿಂದಲೋ ಉದುರಿ ಬಂದವನಲ್ಲ. 1916ರಲ್ಲಿ, ಹದಿನೇಳರ ಹುಡುಗನಾಗಿ, ಅವನು ಮಾಸ್ಕೋದ ಖಾನ್ಜೊಂಕೊವ್ ಸ್ಟುಡಿಯೋದಲ್ಲಿ ಸೆಟ್ ವಿನ್ಯಾಸದ ಕೆಲಸಕ್ಕೆ ಸೇರಿದ. ಅಲ್ಲಿ ಅವನಿಗೆ ಗುರುವಾಗಿ ಸಿಕ್ಕವನು ಎವ್ಗೆನಿ ಬಾವರ್. ಶಿಷ್ಯನ ಹೆಸರು ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಗುರುವಿನ ಹೆಸರು ಹೇಳಿದರೆ ಸಿನಿಮಾ ಓದಿಕೊಂಡವರೂ ತಡವರಿಸುತ್ತಾರೆ. ಈ ಅಂಕಣ ಮುಖ್ಯವಾಗಿ ಆ ಗುರುವಿಗಾಗಿ.

ಮೊದಲು ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳು ರಷ್ಯಾ ತಲುಪಿದ್ದು 1896ರ ಮೇ ತಿಂಗಳಲ್ಲಿ. ಎರಡನೇ ನಿಕೊಲಾಸ್‌ನ ಪಟ್ಟಾಭಿಷೇಕವನ್ನು ಚಿತ್ರೀಕರಿಸಿದವರು ಕೂಡ ಲೂಮಿಯೇರ್ ಕ್ಯಾಮೆರಾದವರೇ. ಅದೇ ಬೇಸಿಗೆಯಲ್ಲಿ ನಿಜ್ನಿ ನೊವ್‌ಗೊರೊದ್ ಮೇಳದಲ್ಲಿ ಈ ಚಿತ್ರಗಳನ್ನು ಕಂಡ ಮ್ಯಾಕ್ಸಿಂ ಗಾರ್ಕಿ, ಬಣ್ಣವೂ ಸದ್ದೂ ಇಲ್ಲದ ಆ ನೆರಳುಗಳ ಲೋಕದ ಬಗ್ಗೆ ಅಳುಕಿನಿಂದ ಪತ್ರಿಕೆಗೆ ಬರೆದ. ಆಮೇಲೆ ಹನ್ನೆರಡು ವರ್ಷ ಮಾರುಕಟ್ಟೆ ಹೆಚ್ಚುಕಮ್ಮಿ ಫ್ರೆಂಚ್ ಕಂಪನಿಗಳ ಕೈಯಲ್ಲಿತ್ತು. 1908ರ ಅಕ್ಟೋಬರ್‌ನಲ್ಲಿ ಅಲೆಕ್ಸಾಂಡರ್ ದ್ರಾಂಕೊವ್ ಎಂಬ ಚುರುಕಿನ ಛಾಯಾಗ್ರಾಹಕ 'ಸ್ಟೆಂಕಾ ರಾಜಿನ್' ತೆರೆಗೆ ತಂದ. ರಷ್ಯಾದ ಮೊದಲ ಕಥಾಚಿತ್ರ ಎಂದು ಗುರುತಿಸುವುದು ಇದನ್ನೇ. ಬಂಡಾಯಗಾರ ಕೊಸಾಕ್ ನಾಯಕ ತನ್ನ ಪರ್ಷಿಯನ್ ರಾಜಕುಮಾರಿಯನ್ನು ವೋಲ್ಗಾ ನದಿಗೆ ಎಸೆಯುವ, ಜನಪದ ಹಾಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ. ಕೆಲವೇ ನಿಮಿಷಗಳ ಚಿತ್ರ. ಮೂರೇ ವರ್ಷ ಕಳೆಯುವಷ್ಟರಲ್ಲಿ, ದ್ರಾಂಕೊವ್‌ನ ಎದುರಾಳಿ ಅಲೆಕ್ಸಾಂಡರ್ ಖಾನ್ಜೊಂಕೊವ್ ಒಂದೂವರೆ ಗಂಟೆಗೂ ಮೀರಿದ 'ಸೆವಾಸ್ಟೊಪೋಲ್ ರಕ್ಷಣೆ'ಯನ್ನು ಲಿವಾದಿಯಾ ಅರಮನೆಯಲ್ಲಿ ಜಾರ್ ದೊರೆಗೇ ತೋರಿಸಿದ. 1850ರ ದಶಕದ ಆ ಮುತ್ತಿಗೆಯಲ್ಲಿ ನಿಜವಾಗಿ ಹೋರಾಡಿ, ಆ ಹೊತ್ತಿಗೆ ಹಣ್ಣು ಮುದುಕರಾಗಿದ್ದವರು ಚಿತ್ರದ ಕೊನೆಯಲ್ಲಿ ಕ್ಯಾಮೆರಾದ ಮುಂದೆ ಬಂದು ನಿಲ್ಲುತ್ತಾರೆ.

ಟಾಲ್‌ಸ್ಟಾಯ್‌ನ ಪ್ರಸಂಗವನ್ನೂ ಹೇಳಲೇಬೇಕು. ಅವನ ಎಂಬತ್ತನೆಯ ಹುಟ್ಟುಹಬ್ಬದ ವರ್ಷ ದ್ರಾಂಕೊವ್ ಯಾಸ್ನಾಯಾ ಪೊಲ್ಯಾನಾಕ್ಕೆ ಕ್ಯಾಮೆರಾ ಹೊತ್ತು ಹೋಗಿದ್ದ. ಆ ತುಣುಕುಗಳಲ್ಲಿ ಜೀವಂತ ಟಾಲ್‌ಸ್ಟಾಯ್ ಇಂದಿಗೂ ಸಿಗುತ್ತಾನೆ. ಅವನು ತೀರಿಕೊಂಡು ಎರಡು ವರ್ಷಕ್ಕೆ, 1912ರಲ್ಲಿ, ಯಾಕೊವ್ ಪ್ರೊಟಜಾನೊವ್ ಎಂಬ ನಿರ್ದೇಶಕ ಆ ಮಹಾನುಭಾವ ಮನೆ ಬಿಟ್ಟು ಹೊರಟ ಕೊನೆಯ ದಿನಗಳನ್ನು ನಟರಿಂದ ಆಡಿಸಿದ. ಶಿಲ್ಪಿ ಇವಾನ್ ಕವಲೆರಿದ್ಜೆ ಮಾಡಿದ ಪ್ರಸಾಧನ ಎಷ್ಟು ನಿಜವಾಗಿತ್ತೆಂದರೆ ಎಲ್ಲಿ ನಟ, ಎಲ್ಲಿ ಟಾಲ್‌ಸ್ಟಾಯ್ ಎಂದು ಗೊಂದಲವಾಗುತ್ತದೆ. ಚರ್ಚಿನಿಂದ ಬಹಿಷ್ಕೃತನಾಗಿ ಸತ್ತ ಲೇಖಕನನ್ನು ಸ್ವತಃ ಕ್ರಿಸ್ತ ಅಪ್ಪಿಕೊಳ್ಳುವಂತೆ ಚಿತ್ರ ಮುಗಿಯುತ್ತದೆ. ಕುಟುಂಬದವರು ಒಪ್ಪಲಿಲ್ಲ. ರಷ್ಯಾದಲ್ಲಿ ಅದು ಬಿಡುಗಡೆಯಾಗಲಿಲ್ಲ, ಹೊರದೇಶಗಳಲ್ಲಿ ಮಾತ್ರ ಓಡಿತು.

ಖಾನ್ಜೊಂಕೊವ್‌ಗೆ ಪ್ರತಿಭೆಯನ್ನು ಗುರುತಿಸುವ ಕಣ್ಣಿತ್ತು. ಅವನು ಕರೆತಂದವರಲ್ಲಿ ಒಬ್ಬ ವ್ಲಾಡಿಸ್ಲಾವ್ ಸ್ಟಾರೆವಿಚ್. ಮಾಸ್ಕೋದಲ್ಲಿ ಹುಟ್ಟಿದ ಪೋಲಿಷ್ ಮನೆತನದವನು, ಇಂದಿನ ಲಿಥುವೇನಿಯಾದ ಕೌನಾಸ್‌ನ ವಸ್ತುಸಂಗ್ರಹಾಲಯದ ಒಡನಾಟದಲ್ಲಿದ್ದು ಕೀಟಗಳ ಮೇಲೆ ಜೀವ ಇಟ್ಟಿದ್ದವನು. ಕೊಂಬಿನ ಗಂಡು ಜೀರುಂಡೆಗಳ ಕಾಳಗವನ್ನು ಚಿತ್ರೀಕರಿಸಬೇಕೆಂದು ಹೊರಟ. ಅವು ರಾತ್ರಿ ಓಡಾಡುವ ಜೀವಗಳು, ದೀಪ ಹಾಕಿದೊಡನೆ ನಿಶ್ಚಲವಾಗಿಬಿಡುತ್ತಿದ್ದವು. ಕೊನೆಗೆ ಸತ್ತ ಜೀರುಂಡೆಗಳ ಕಾಲು ಬಿಡಿಸಿ, ತಂತಿ ಮತ್ತು ಮೇಣದಿಂದ ಮತ್ತೆ ಕೂರಿಸಿ, ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸುತ್ತಾ ಕಾಳಗ ಮಾಡಿಸಿದ. ಪಳಗಿಸಿದ ಕೀಟಗಳು ನಟಿಸಿವೆ ಎಂದು ನಂಬಿದ ಪತ್ರಿಕೆಗಳೂ ಇದ್ದವು.

ಅವನ 'ಕ್ಯಾಮೆರಾಮನ್‌ನ ಸೇಡು' (1912) ಹನ್ನೆರಡು-ಹದಿಮೂರು ನಿಮಿಷದ ಚಿತ್ರ. ಜೀರುಂಡೆ ಯಜಮಾನರು ಪೇಟೆಯ ಕ್ಯಾಬರೆಗೆ ಹೋಗಿ ನರ್ತಕಿ ಏರೋಪ್ಲೇನ್ ಚಿಟ್ಟೆಯ ಹಿಂದೆ ಬೀಳುತ್ತಾರೆ. ಅವಳ ಮೇಲೆ ಕಣ್ಣಿಟ್ಟಿದ್ದ ಮಿಡತೆ ಒಬ್ಬ ಕ್ಯಾಮೆರಾಮನ್. ಅದು ಸೈಕಲ್ ಏರಿ ಹಿಂಬಾಲಿಸಿ, ಹೋಟೆಲ್ ಕೋಣೆಯ ಬೀಗದ ಕಿಂಡಿಯಿಂದ ಇಬ್ಬರನ್ನೂ ಚಿತ್ರೀಕರಿಸಿಕೊಳ್ಳುತ್ತದೆ. ಇತ್ತ ಮನೆಯಲ್ಲಿ ಯಜಮಾನಿಗೂ ಒಬ್ಬ ಚಿತ್ರಕಾರ ಪ್ರಿಯಕರನಿದ್ದಾನೆ. ಕೊನೆಗೆ ಗಂಡಹೆಂಡಿರು ರಾಜಿಯಾಗಿ ಬಯಲು ಸಿನಿಮಾಕ್ಕೆ ಹೋದರೆ, ಪ್ರೊಜೆಕ್ಟರ್ ತಿರುಗಿಸುತ್ತಿರುವುದು ಅದೇ ಮಿಡತೆ, ಪರದೆಯ ಮೇಲೆ ಬರುವುದು ಅದೇ ಕಿಂಡಿಯ ದೃಶ್ಯ! ಸಿನಿಮಾ ಎಂಬ ಯಂತ್ರ ಖಾಸಗಿ ಬದುಕಿಗೆ ಏನು ಮಾಡಬಲ್ಲದು ಎಂಬುದನ್ನು ಸತ್ತ ಕೀಟಗಳನ್ನಿಟ್ಟುಕೊಂಡು, ಅಷ್ಟು ಮುಂಚೆ, ಇಷ್ಟು ಚುರುಕಾಗಿ ಹೇಳಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಈಗ ಬಾವರ್. 1865ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವನು. ಬೊಹೀಮಿಯಾದಿಂದ ವಲಸೆ ಬಂದಿದ್ದ ಅಪ್ಪ ಜಿತಾರ್ ವಾದಕ. ಬಾವರ್ ಮಾಸ್ಕೋದ ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪ ಶಾಲೆಗೆ ಸೇರಿದ, ಮುಗಿಸಲಿಲ್ಲ. ವ್ಯಂಗ್ಯಚಿತ್ರ ಬರೆದ, ಫೋಟೋ ತೆಗೆದ, ನಾಟಕಗಳಿಗೆ ರಂಗಸಜ್ಜಿಕೆ ಮಾಡಿದ. ಸಿನಿಮಾಕ್ಕೆ ಬಂದಾಗ ನಲವತ್ತೇಳು ದಾಟಿತ್ತು. ಅಲ್ಲಿಂದ ಸಾಯುವತನಕ ಸಿಕ್ಕ ನಾಲ್ಕೂವರೆ ವರ್ಷದಲ್ಲಿ ಎಂಬತ್ತರಷ್ಟು ಚಿತ್ರ ಮಾಡಿದ. ಇಪ್ಪತ್ತಾರು ಮಾತ್ರ ಉಳಿದಿವೆ ಎನ್ನುತ್ತಾರೆ.

ಆ ಕಾಲದ ಬಹುಪಾಲು ಚಿತ್ರಗಳಲ್ಲಿ ಸೆಟ್ ಎಂದರೆ ನಟರ ಬೆನ್ನಿಗೆ ಎಳೆದು ಕಟ್ಟಿದ ಬಣ್ಣದ ಬಟ್ಟೆ. ಬಾವರ್ ಕೋಣೆಗೆ ಆಳ ಕೊಟ್ಟ. ಹತ್ತಿರದಲ್ಲೊಂದು ಕಂಬ ಅಥವಾ ಹೂದಾನಿ, ಅದರಾಚೆ ಪಾತ್ರ, ಅದರಾಚೆ ತೆಳುಪರದೆ, ಪರದೆಯಾಚೆ ಇನ್ನೊಂದು ಕೋಣೆ, ಅಲ್ಲಿ ಇನ್ನೊಂದು ಬೆಳಕು. 'ಹೆಣ್ಣಿನ ಆತ್ಮದ ಮುಸ್ಸಂಜೆ'ಯ (1913) ಆರಂಭದಲ್ಲಿ ಶ್ರೀಮಂತ ಹುಡುಗಿ ವೆರಾ ತನ್ನ ಮಲಗುವ ಕೋಣೆಯಲ್ಲಿ ಒಂಟಿ. ಕ್ಯಾಮೆರಾಕ್ಕೂ ಅವಳಿಗೂ ನಡುವೆ ಉದ್ದಕ್ಕೂ ಇಳಿಬಿದ್ದ ಬಲೆಬಟ್ಟೆ. ನಾವು ಅವಳನ್ನು ನೋಡುತ್ತಿದ್ದರೂ ಅವಳಿರುವಲ್ಲಿಗೆ ಹೋಗುವಂತಿಲ್ಲ. ಬಡವರ ಸೇವೆಗೆಂದು ಹೊರಟ ಅವಳ ಮೇಲೆ ಒಬ್ಬ ಅತ್ಯಾಚಾರ ಮಾಡುತ್ತಾನೆ, ಅವಳು ಅವನನ್ನು ಕೊಲ್ಲುತ್ತಾಳೆ. ಮುಂದೆ ಮದುವೆಯಾದವನಿಗೆ ಸತ್ಯ ಹೇಳಿದಾಗ ಅವನು ಹಿಮ್ಮೆಟ್ಟುತ್ತಾನೆ, ಅವಳು ಅವನನ್ನು ಬಿಟ್ಟು ನಡೆಯುತ್ತಾಳೆ. ವರ್ಷಗಳಾದ ಮೇಲೆ ಅವನು ಕ್ಷಮೆ ಕೇಳಿ ಬಂದಾಗ ಆಕೆ ಹೆಸರಾಂತ ಗಾಯಕಿ. ಈಗ ಬೇಡ ಎನ್ನುತ್ತಾಳೆ. ಇದು 1913ರ ಚಿತ್ರ ಎಂಬುದನ್ನು ನೋಡುವಾಗ ನೆನಪಿಟ್ಟುಕೊಳ್ಳಬೇಕು.

'ಮರಣಾನಂತರ' (1915) ನನಗೆ ಅವನ ಅತ್ಯುತ್ತಮ ಚಿತ್ರ. ಮೂಲ ತುರ್ಗೆನೆವ್‌ನ ಕಥೆ. ಆ ಕಥೆಯ ಹಿಂದೆ ಒಂದು ನಿಜವಾದ ಸಾವಿದೆ. 1881ರಲ್ಲಿ ಎವ್ಲಾಲಿಯಾ ಕದ್ಮಿನಾ ಎಂಬ ಗಾಯಕಿ-ನಟಿ ಖಾರ್ಕೊವ್‌ನಲ್ಲಿ ನಾಟಕ ನಡೆಯುತ್ತಿರುವಾಗಲೇ ವಿಷ ಸೇವಿಸಿದಳು. ತುರ್ಗೆನೆವ್ ನಾಯಕಿಗೆ ಬೇರೆ ಹೆಸರಿಟ್ಟಿದ್ದ. ಬಾವರ್ ಕದ್ಮಿನಾ ಎಂಬ ಮನೆತನದ ಹೆಸರನ್ನೇ ಮರಳಿ ತಂದ. ಪುಸ್ತಕದಲ್ಲಿ ಮುಳುಗಿದ, ಅತ್ತೆಯ ಜೊತೆ ಬದುಕುವ ಸಂಕೋಚದ ಯುವಕ ಆಂದ್ರೇ ಒಂದು ಸಂಜೆ ಸ್ನೇಹಿತನ ಒತ್ತಾಯಕ್ಕೆ ಗಣ್ಯರ ಕೂಟಕ್ಕೆ ಹೋಗುತ್ತಾನೆ. ಇಲ್ಲಿ ಬಾವರ್ ಮತ್ತು ಛಾಯಾಗ್ರಾಹಕ ಬೊರಿಸ್ ಜಾವೆಲೆವ್ ಕ್ಯಾಮೆರಾವನ್ನು ಜನರ ನಡುವೆ ಹೊರಡಿಸುತ್ತಾರೆ. ಅದು ಅವನ ಜೊತೆಗೇ ಸರಿಯುತ್ತದೆ, ತಿರುಗುತ್ತದೆ, ಒಂದು ಗುಂಪು ದಾಟಿ ಇನ್ನೊಂದಕ್ಕೆ ಹೋಗುತ್ತದೆ. ಪರಿಚಯವಾದವರು ನಗುತ್ತಾರೆ, ಅವನು ತಲೆಬಾಗುತ್ತಾನೆ, ಎಲ್ಲಿ ನಿಲ್ಲಬೇಕೋ ತಿಳಿಯದೆ ಒದ್ದಾಡುತ್ತಾನೆ. ಕತ್ತರಿ ಪ್ರಯೋಗಿಸದೆ ತೆಗೆದ ಆ ದೀರ್ಘ ನಡಿಗೆಯಲ್ಲಿ ಅವನ ಇಡೀ ಸ್ವಭಾವ ಗೊತ್ತಾಗಿಬಿಡುತ್ತದೆ. ಕೊನೆಗೆ ಜೋಯಾ ಕದ್ಮಿನಾ ಎದುರಾಗುತ್ತಾಳೆ, ಬೊಲ್ಶೊಯ್ ನರ್ತಕಿ ವೆರಾ ಕರಾಲಿ ಆ ಪಾತ್ರದಲ್ಲಿದ್ದಾಳೆ. ಅವಳು ಬರೆದು ಕರೆಯುತ್ತಾಳೆ, ಅವನು ಬೆಚ್ಚಿ ದೂರ ಸರಿಯುತ್ತಾನೆ. ಕೆಲವು ತಿಂಗಳಾದ ಮೇಲೆ ಅವಳು ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದುತ್ತಾನೆ. ಆಮೇಲೆ ಅವಳು ಕನಸಿಗೆ ಬರತೊಡಗುತ್ತಾಳೆ, ಗೋಧಿ ಹೊಲದ ನಡುವೆ, ಬಿಳಿ ಉಡುಪಿನಲ್ಲಿ. ಬದುಕಿದ್ದಾಗ ಪ್ರೀತಿಸಲಾಗದವನು ಸತ್ತವಳ ಹಿಂದೆ ಹೋಗುತ್ತಾನೆ.

'ಸಾಯುತ್ತಿರುವ ಹಂಸ'ದಲ್ಲಿ (1917) ಕರಾಲಿ ಮಾತು ಬಾರದ ನರ್ತಕಿ. ಫೋಕಿನ್ ಅನ್ನಾ ಪಾವ್ಲೊವಾಳಿಗಾಗಿ ಸಂಯೋಜಿಸಿದ ಆ ಹೆಸರಾಂತ ನೃತ್ಯವನ್ನು ಅವಳು ಇಲ್ಲಿ ಮಾಡುತ್ತಾಳೆ. ಸಾವನ್ನು ಕ್ಯಾನ್ವಾಸಿನ ಮೇಲೆ ಹಿಡಿಯುವ ಗೀಳಿನ ಚಿತ್ರಕಾರನೊಬ್ಬ ಅವಳನ್ನು ಮಾದರಿಯಾಗಿ ಕೂರಿಸುತ್ತಾನೆ. ಕೊನೆಯ ದಿನ, ಪ್ರಿಯಕರ ಮರಳಿ ಬಂದ ಸಂತೋಷದಲ್ಲಿ ಅವಳ ಕಣ್ಣಲ್ಲಿ ಜೀವ ತುಂಬಿರುತ್ತದೆ. ಅವನಿಗೆ ಬೇಕಾದ ಸಾವು ಆ ಮುಖದಲ್ಲಿಲ್ಲ. ಅವನು ಅವಳ ಕತ್ತು ಹಿಸುಕುತ್ತಾನೆ. ಬಾವರ್‌ನ ಚಿತ್ರಗಳಲ್ಲಿ ಹೆಂಗಸರು ಹೀಗೆ ಗಂಡಸರ ಕಲ್ಪನೆಗೆ ಬಲಿಯಾಗುವುದು ಮತ್ತೆ ಮತ್ತೆ ಬರುತ್ತದೆ, ಒಟ್ಟಿಗೆ ನಾಲ್ಕಾರು ನೋಡಿದರೆ ಉಸಿರು ಕಟ್ಟುತ್ತದೆ. ಆದರೂ ಅವನು ಕೊಲೆಗಾರನ ಪಕ್ಷ ವಹಿಸುವುದಿಲ್ಲ. ಹೆಣ್ಣನ್ನು ಚಿತ್ರವಾಗಿ ಮಾತ್ರ ಪ್ರೀತಿಸಬಲ್ಲ ಗಂಡಸರನ್ನು ಇಷ್ಟು ನಿಷ್ಠುರವಾಗಿ ತೋರಿಸಿದವರು ಆ ಕಾಲದಲ್ಲಿ ವಿರಳ.

ಇಂಥ ಚಿತ್ರಗಳನ್ನು ಮುಂದೆ 'ಅವನತಿಯ ಕಲೆ', 'ಬೂರ್ಜ್ವಾ ಸಲೂನ್ ಸಿನಿಮಾ' ಎಂದು ತಳ್ಳಿಹಾಕಿದರು. ಹಾಗೆ ತಳ್ಳಿದವರು 'ಮೂಕ ಸಾಕ್ಷಿಗಳು' (1914) ಚಿತ್ರವನ್ನು ಮನಸ್ಸಿಟ್ಟು ನೋಡಿದ್ದರೋ ಇಲ್ಲವೋ. ಅದರ ಸಾಕ್ಷಿಗಳು ಒಂದು ಶ್ರೀಮಂತ ಮನೆಯ ಆಳುಗಳು. ಬಾಗಿಲು ಕಾಯುವ ತಾತ, ಅವನ ಮೊಮ್ಮಗಳು ನಾಸ್ತ್ಯಾ. ಯಜಮಾನನ ಮಗ ಅವಳನ್ನು ಬಳಸಿಕೊಳ್ಳುತ್ತಾನೆ, ತನ್ನ ಅಂತಸ್ತಿನ ವಧು ಬಂದಾಗ ಮರೆಯುತ್ತಾನೆ. ಕೋಟು ತೆಗೆದುಕೊಳ್ಳುವವರು, ಮೆಟ್ಟಿಲ ಕೆಳಗೆ ನಿಂತವರು, ಎಲ್ಲವನ್ನೂ ನೋಡಿಯೂ ಬಾಯಿ ತೆರೆಯಲಾಗದವರು: ಅವರ ಕಣ್ಣಿನಿಂದ ಬಾವರ್ ಆ ಮನೆಯನ್ನು ತೋರಿಸುತ್ತಾನೆ. 'ಮಹಾನಗರದ ಮಗಳು' (1914) ಕಥೆಯಲ್ಲಿ ಇದೇ ತಿರುವುಮುರುವು. ಬಟ್ಟೆ ಹೊಲಿಯುತ್ತಿದ್ದ ಬಡ ಹುಡುಗಿ ಸಿರಿವಂತನ ಕೈಹಿಡಿದು ಮೇಲೇರಿ, ಅವನು ಬರಿಗೈಯಾದಾಗ ಬಿಟ್ಟುಹೋಗುತ್ತಾಳೆ. ಅವನು ಅವಳ ಮನೆಯ ಮೆಟ್ಟಿಲ ಮೇಲೇ ಗುಂಡು ಹಾಕಿಕೊಳ್ಳುತ್ತಾನೆ. ಹೆಣ ಎದುರಾದರೆ ಶುಭವಂತೆ ಎಂದು ಹೇಳಿ ಅವಳು ಅದನ್ನು ದಾಟಿ, ರಾತ್ರಿಯ ಮೋಜಿಗೆ ಹೊರಡುತ್ತಾಳೆ.

ಇಂಥ ಮುಕ್ತಾಯ ಬಾವರ್ ಒಬ್ಬನ ಚಟವಲ್ಲ. ರಷ್ಯನ್ ಪ್ರೇಕ್ಷಕರಿಗೆ ದುಃಖಾಂತ್ಯವೇ ಬೇಕು ಎಂಬುದು ವ್ಯಾಪಾರದಲ್ಲಿ ಸರ್ವಮಾನ್ಯವಾಗಿತ್ತು. ಡೆನ್ಮಾರ್ಕಿನ ನಾರ್ಡಿಸ್ಕ್ ಕಂಪನಿ 'ಅಟ್ಲಾಂಟಿಸ್' (1913) ಚಿತ್ರಕ್ಕೆ ರಷ್ಯಾಕ್ಕೆಂದೇ ಬೇರೊಂದು ದುರಂತದ ಕೊನೆ ಚಿತ್ರೀಕರಿಸಿತ್ತು. ಗ್ರಿಫಿತ್‌ನ 'ದಿ ಲೋನ್ಲಿ ವಿಲ್ಲಾ'ದಲ್ಲಿ ಕಳ್ಳರು ಮನೆಗೆ ನುಗ್ಗಿರುವಾಗ ಹೆಂಡತಿ ಗಂಡನಿಗೆ ಫೋನ್ ಮಾಡುತ್ತಾಳೆ, ಅವನು ಧಾವಿಸಿ ಬಂದು ಉಳಿಸುತ್ತಾನೆ. ಪ್ರೊಟಜಾನೊವ್ 1914ರಲ್ಲಿ ಅದೇ ಕಥೆ ತೆಗೆದಾಗ ಗಂಡ ಮನೆ ಮುಟ್ಟುವಷ್ಟರಲ್ಲಿ ಹೆಂಡತಿ ಸತ್ತಿರುತ್ತಾಳೆ. ಅಮೆರಿಕದವರು ಓಟವನ್ನು ಕಲೆ ಮಾಡಿಕೊಂಡರು, ಇವರು ನಿಲುಗಡೆಯನ್ನು. 1916ರ ಹೊತ್ತಿಗೆ ರಷ್ಯನ್ ಸಿನಿಮಾ ಪತ್ರಿಕೆಗಳು ಈ ನಿಧಾನವನ್ನೇ ತಮ್ಮ ಶೈಲಿ ಎಂದು ಸಾರಿದವು. ನಟ ಏನಾದರೂ ಮಾಡುತ್ತಲೇ ಇರಬೇಕಾಗಿಲ್ಲ, ಸುಮ್ಮನೆ ನಿಂತು ಯೋಚಿಸಿದರೂ ಸಾಕು, ಪ್ರೇಕ್ಷಕ ಕಾಯುತ್ತಾನೆ. ವೆರಾ ಖೊಲೊದ್ನಾಯಾ ಈ ನಿಲುಗಡೆಯ ರಾಣಿ. ಬಾವರ್ ಅವಳಿಂದ ದೊಡ್ಡ ಅಭಿನಯ ಬಯಸಲಿಲ್ಲ, ಅವಳ ದೊಡ್ಡ ಬೂದು ಕಣ್ಣುಗಳಿಗೆ ಸಮಯ ಕೊಟ್ಟ. ನಾಲ್ಕು ವರ್ಷದಲ್ಲಿ ಅವಳು ಸಾಮ್ರಾಜ್ಯದ ಅತಿ ದೊಡ್ಡ ತಾರೆಯಾದಳು. 1919ರ ಫೆಬ್ರವರಿಯಲ್ಲಿ, ಒಡೆಸ್ಸಾದಲ್ಲಿ, ಸ್ಪ್ಯಾನಿಷ್ ಜ್ವರ ಅವಳನ್ನು ಇಪ್ಪತ್ತೈದನೇ ವಯಸ್ಸಿಗೇ ಕೊಂಡೊಯ್ದಿತು. ಅವಳ ಶವಯಾತ್ರೆಯ ಚಿತ್ರ ಉಳಿದಿದೆ.

ಈ ಸಿನಿಮಾವನ್ನು ಅಂದಿನ ರಷ್ಯಾದ ಚಿತ್ರಕಲೆಯಿಂದ ಬೇರೆ ಮಾಡಿ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ. ಮಾಸ್ಕೋದ ಅರ್ಬಾತ್ ಚೌಕದಲ್ಲಿ 1909ರಲ್ಲಿ ತೆರೆದ 'ಖುದೊಝೆಸ್ತ್ವೆನ್ನಿ' ಚಿತ್ರಮಂದಿರವನ್ನು ಮೂರ್ನಾಲ್ಕು ವರ್ಷದಲ್ಲಿ ಮರುರೂಪಿಸಿದವನು ಫ್ಯೊದರ್ ಶೆಖ್ಟೆಲ್. ರ್ಯಾಬುಶಿನ್‌ಸ್ಕಿ ಬಂಗಲೆಗೆ ಅಲೆ ಹೊರಳಿದಂಥ ಕಲ್ಲಿನ ಮೆಟ್ಟಿಲು ಕಟ್ಟಿದ ವಾಸ್ತುಶಿಲ್ಪಿ. ಬಾವರ್‌ನ ಸೆಟ್ಟುಗಳ ಬಳುಕುವ ರೇಖೆಗಳು, ಹೂಗಳು, ಕಂಬಗಳು ಅದೇ ಅಭಿರುಚಿಯ ಮನೆಯಿಂದ ಬಂದವು. ಬಾವರ್ ಓದಿದ ಕಲಾಶಾಲೆಯಲ್ಲೇ ಮುಂದೆ ಕವಿ ಮಾಯಕೋವ್‌ಸ್ಕಿ ಓದಿದ. ಲಾರಿಯೊನೊವ್, ಗೊಂಚರೊವಾರಂಥ ಫ್ಯೂಚರಿಸ್ಟ್ ಚಿತ್ರಕಾರರು 1914ರಲ್ಲಿ ತಾವೇ ಮುಖಕ್ಕೆ ಬಣ್ಣ ಬಳಿದುಕೊಂಡು ಒಂದು ಚಿತ್ರದಲ್ಲಿ ನಟಿಸಿದರು. ರಂಗನಿರ್ದೇಶಕ ಮೆಯರ್‌ಹೋಲ್ಡ್ 1915ರಲ್ಲಿ 'ಡೋರಿಯನ್ ಗ್ರೇ' ತೆಗೆದು, ಡೋರಿಯನ್ ಪಾತ್ರವನ್ನು ಒಬ್ಬ ನಟಿಗೆ ಕೊಟ್ಟ. ಎರಡೂ ಕಳೆದುಹೋಗಿವೆ. 'ಮರಣಾನಂತರ' ಬಂದ ವರ್ಷದ ಡಿಸೆಂಬರ್‌ನಲ್ಲೇ ಪೆಟ್ರೊಗ್ರಾಡ್‌ನಲ್ಲಿ ಮಾಲೆವಿಚ್ ತನ್ನ 'ಕಪ್ಪು ಚೌಕ'ವನ್ನು ಗೋಡೆಗೆ ತೂಗಿಹಾಕಿದ. ಒಂದೇ ದೇಶ, ಒಂದೇ ಚಳಿಗಾಲ.

ಅದಕ್ಕೂ ಹಿಂದಿನ ಪೀಳಿಗೆಯ 'ಕಲಾ ಜಗತ್ತು' ಎಂಬ ಗುಂಪಿಗೆ 1910ರಿಂದ ಅಧ್ಯಕ್ಷನಾಗಿದ್ದವನು ನಿಕೊಲಾಯ್ ರೋರಿಕ್. 1913ರಲ್ಲಿ ಪ್ಯಾರಿಸ್ಸಿನಲ್ಲಿ ಗಲಾಟೆಯೆಬ್ಬಿಸಿದ ಸ್ಟ್ರಾವಿನ್‌ಸ್ಕಿಯ 'ವಸಂತ ವಿಧಿ'ಗೆ ರಂಗಸಜ್ಜಿಕೆ, ಉಡುಪು ಅವನದೇ. ಆ ಮನೆಯಲ್ಲಿ 1904ರಲ್ಲಿ ಹುಟ್ಟಿದ ಮಗ ಸ್ವೆತೊಸ್ಲಾವ್ ರೋರಿಕ್ ಮುಂದೆ ನಮ್ಮ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಚಿತ್ರನಟಿ ದೇವಿಕಾ ರಾಣಿಯವರೊಡನೆ ಬಾಳಿ, 1993ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಚಿತ್ರಕಲಾ ಪರಿಷತ್ತಿನ ರೋರಿಕ್ ಗ್ಯಾಲರಿಗೆ ಹೋದವರು ಆ ಕಾಲದ ರಷ್ಯಾದ ಒಂದು ಕವಲನ್ನು ಕಣ್ಣಾರೆ ಕಂಡಿರುತ್ತಾರೆ.

1917ರ ಫೆಬ್ರವರಿಯಲ್ಲಿ ಜಾರ್ ಆಡಳಿತ ಬಿತ್ತು, ಹಳೆಯ ಸೆನ್ಸಾರ್ ಸಡಿಲಿತು. ದೊರೆಯನ್ನೂ ಪಾದ್ರಿಯನ್ನೂ ಪರದೆಯ ಮೇಲೆ ತರುವಂತಿರದಿದ್ದ ನಾಡಿನಲ್ಲಿ 'ಫಾದರ್ ಸೆರ್ಗಿಯಸ್' ಸಾಧ್ಯವಾದದ್ದು ಆಗಲೇ. ನಾಯಕನ ಭಾವೀ ಪತ್ನಿ ದೊರೆ ಮೊದಲನೇ ನಿಕೊಲಾಸ್‌ನ ಪ್ರೇಯಸಿಯಾಗಿದ್ದಳೆಂಬುದು ಆ ಕಥೆಯ ಬುಡ. ಬಾವರ್ ಕೂಡ ಅವಸರದಲ್ಲಿ 'ಕ್ರಾಂತಿಕಾರಿ' ಎಂಬ ಚಿತ್ರ ಮಾಡಿದ. ಅದು ಅವನ ದುರ್ಬಲ ಚಿತ್ರಗಳಲ್ಲೊಂದು. ಬಳಿಕ ಕ್ರಿಮಿಯಾದಲ್ಲಿ ಕಾಲು ಮುರಿದುಕೊಂಡ. ಆ ಸ್ಥಿತಿಯಲ್ಲೂ ಕೆಲಸ ನಿಲ್ಲಿಸಲಿಲ್ಲ. ಜೂನ್‌ನಲ್ಲಿ ಯಾಲ್ಟಾದಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ 'ಪ್ಯಾರಿಸ್ಸಿನ ರಾಜ' ಅರ್ಧಕ್ಕೆ ನಿಂತಿತ್ತು. ನಟಿ ಓಲ್ಗಾ ರಖ್ಮಾನೊವಾ ಅದನ್ನು ಮುಗಿಸಿದಳು. ಅಕ್ಟೋಬರ್ ಕ್ರಾಂತಿಯನ್ನು ಅವನು ನೋಡಲೇ ಇಲ್ಲ.

ಅಂತರ್ಯುದ್ಧ ಶುರುವಾದ ಮೇಲೆ ಮಾಸ್ಕೋದಲ್ಲಿ ಕಚ್ಚಾ ಫಿಲ್ಮೂ ಸಿಗದಾಯಿತು. 1919ರ ಆಗಸ್ಟ್ 27ರಂದು ಲೆನಿನ್ ಸಹಿಯೊಂದಿಗೆ ಚಿತ್ರೋದ್ಯಮ ಸರ್ಕಾರದ ಸ್ವಾಧೀನವಾಯಿತು. ಅಷ್ಟರಲ್ಲಿ ಅನೇಕರು ದಕ್ಷಿಣಕ್ಕೆ, ಯಾಲ್ಟಾ ಒಡೆಸ್ಸಾಗಳಿಗೆ ಸರಿದಿದ್ದರು. ನಿರ್ಮಾಪಕ ಎರ್ಮೊಲಿಯೆವ್ ತನ್ನ ತಂಡದೊಂದಿಗೆ 1920ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಾರ್ಗವಾಗಿ ಫ್ರಾನ್ಸ್ ಸೇರಿದ. ಅದೇ ದಾರಿ ಹಿಡಿದ ಮೊಜೂಖಿನ್ ಪ್ಯಾರಿಸ್ಸಿನಲ್ಲೂ ತಾರೆಯಾದ. ಅವನು ನಿರ್ದೇಶಿಸಿ ನಟಿಸಿದ 'ಲ ಬ್ರಾಜಿಯ ಆರ್ದಾ' (1923) ನೋಡಿಯೇ ಸಿನಿಮಾಕ್ಕೆ ಬರುವ ಮನಸ್ಸಾಯಿತೆಂದು ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾ ಹೇಳಿಕೊಂಡಿದ್ದಾನೆ. ಮಾತಿನ ಸಿನಿಮಾ ಬಂದ ಮೇಲೆ ಮೊಜೂಖಿನ್‌ಗೆ ಪಾತ್ರಗಳಿಲ್ಲವಾದವು, 1939ರಲ್ಲಿ ಬಡತನದಲ್ಲಿ ಸತ್ತ. ಸ್ಟಾರೆವಿಚ್ ಫ್ರಾನ್ಸಿನಲ್ಲೇ ನೆಲೆಸಿ ಗೊಂಬೆ ಚಿತ್ರಗಳನ್ನು ಮಾಡುತ್ತಾ ಹೋದ. ಪ್ರೊಟಜಾನೊವ್ ಮರಳಿ ಬಂದು 'ಎಲಿಟಾ' ತೆಗೆದ. ಖಾನ್ಜೊಂಕೊವ್ ಕೂಡ 1923ರಲ್ಲಿ ಮರಳಿದ, ಬಂಧನ, ನಾಗರಿಕ ಹಕ್ಕುಗಳ ನಷ್ಟ ಎಲ್ಲವನ್ನೂ ಕಂಡು, 1945ರಲ್ಲಿ ಯಾಲ್ಟಾದಲ್ಲಿ ತೀರಿಕೊಂಡ.

ಕ್ರಾಂತಿಯ ಸಿನಿಮಾ ಶ್ರೇಷ್ಠವಾದದ್ದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ತನ್ನ ಹಿಂದೆ ಏನೂ ಇರಲಿಲ್ಲ ಎಂದು ಅದು ಹೇಳಿಕೊಂಡದ್ದನ್ನು ಜಗತ್ತು ಪರೀಕ್ಷಿಸದೆ ನಂಬಿತು. ಕ್ರಾಂತಿಗೆ ಮುಂಚಿನ ಆ ದಶಕದಲ್ಲಿ ತಯಾರಾದ 1700ರಷ್ಟು ಚಿತ್ರಗಳಲ್ಲಿ ಉಳಿದವು 300ಕ್ಕೂ ಕಡಿಮೆ. ಹಾಗೆ ಉಳಿದುಕೊಂಡವು ಮಾಸ್ಕೋ ಬಳಿಯ ಬೆಲಿಯೆ ಸ್ತೊಲ್ಬಿಯ ಸರ್ಕಾರಿ ಚಿತ್ರಭಂಡಾರದಲ್ಲಿ ಡಬ್ಬಿಗಳಲ್ಲಿದ್ದವು. ಹಲವಕ್ಕೆ ಸಂಭಾಷಣೆಯ ಫಲಕಗಳೇ ಇರಲಿಲ್ಲ, ಯಾರು ಯಾರಿಗೆ ಏನು ಹೇಳಿದರೆಂದು ಹಳೆಯ ಪತ್ರಿಕೆ, ಕಥಾಸಾರಗಳಿಂದ ಹುಡುಕಿ ಕೂಡಿಸಬೇಕಾಯಿತು. ರಿಗಾದ ವಿದ್ವಾಂಸ ಯೂರಿ ತ್ಸಿವ್ಯಾನ್ ಮತ್ತು ಸಂಗಡಿಗರು ಆ ಕೆಲಸ ಮಾಡಿದರು. 1989ರ ಅಕ್ಟೋಬರ್‌ನಲ್ಲಿ ಇಟಲಿಯ ಪೊರ್ದೆನೋನೆ ಮೂಕಿಚಿತ್ರೋತ್ಸವದಲ್ಲಿ ಈ ಚಿತ್ರಗಳು ಸಾಲಾಗಿ ತೆರೆ ಕಂಡವು. ಸಿನಿಮಾ ಇತಿಹಾಸ ಬರೆಯುವವರು ತಮ್ಮ ಅಧ್ಯಾಯಗಳನ್ನು ತಿದ್ದಬೇಕಾಗಿ ಬಂದದ್ದು ಆಗ.

ಈಗ ಇವು ಡಿವಿಡಿಯಲ್ಲೂ ಅಂತರ್ಜಾಲದಲ್ಲೂ ಸಿಗುತ್ತವೆ. ಹೊಸದಾಗಿ ನೋಡುವವರು ಮಕ್ಕಳನ್ನೂ ಕೂರಿಸಿಕೊಂಡು ಸ್ಟಾರೆವಿಚ್‌ನ ಜೀರುಂಡೆಗಳಿಂದ ಶುರು ಮಾಡಲಿ. ಆಮೇಲೆ 'ಮರಣಾನಂತರ', ಮುಕ್ಕಾಲು ಗಂಟೆಯ ಚಿತ್ರ. ಅದಾದ ಮೇಲೆ 'ಮೂಕ ಸಾಕ್ಷಿಗಳು'. ಫೋನಿನಲ್ಲಿ ಬೇಡ, ಬಾವರ್ ಕೋಣೆಯ ಹಿಂದೆ ಕೋಣೆ ಇಟ್ಟು ಕಟ್ಟಿದ ಆಳ ಅಂಗೈಯಗಲದ ಪರದೆಯಲ್ಲಿ ಕಾಣುವುದಿಲ್ಲ. ನಮ್ಮ ಫಿಲ್ಮ್ ಸೊಸೈಟಿಗಳು 'ಪೊಟೆಮ್ಕಿನ್' ತೋರಿಸುವಾಗ ಅದರ ಹಿಂದಿನ ದಿನವೇ ಬಾವರ್‌ನ ಈ ಎರಡನ್ನೂ ತೋರಿಸಬೇಕು. ಕುಲೆಶೊವ್ ಪ್ರಯೋಗದ ಪಾಠ ಮಾಡುವ ಮೇಷ್ಟ್ರುಗಳು 'ಇಸ್ಪೀಟ್ ರಾಣಿ'ಯ ಹತ್ತು ನಿಮಿಷವನ್ನಾದರೂ ತರಗತಿಯಲ್ಲಿ ಹಾಕಬೇಕು.